ಆಲೂಗಡ್ಡೆ ಅಗೆವ ತಿಂಗಳಲ್ಲಿ ಪಾಸ್ಕ

ಪ್ರಸಂಗಗಳ ಪುಸ್ತಕ ಉತ್ತರದಿಂದ ಬಂದದ್ದು,
ನನಗಿಂತ ಹಿಂದೆ ಇಲ್ಲಿದ್ದ ಗುರುಗಳ ಪೆಟ್ಟಿಗೆಯಲ್ಲಿ,
ಮೂರು ಸಮುದ್ರ ದಾಟಿ.
ಅದರಲ್ಲಿ ಏಪ್ರಿಲ್ ಎಂದರೆ ಚಿಗುರು,
ಕರಗುವ ಹಿಮ, ಗೂಡು ಕಟ್ಟುವ ಹಕ್ಕಿ.
"ಪ್ರಿಯರೇ, ಕಿಟಕಿ ತೆರೆಯಿರಿ, ವಸಂತ ಬಾಗಿಲಲ್ಲಿದೆ"
ಎಂದು ಓದಿದೆ, ಮೊದಲ ವರ್ಷ, ದೊಡ್ಡ ದನಿಯಲ್ಲಿ.
ಹೊರಗೆ ಚಿಲೋಯೆಯ ಸೇಬಿನ ಮರಗಳು
ಒಂದೊಂದೇ ಎಲೆ ಕಳಚುತ್ತಿದ್ದವು.
ಎಲೆಉತೇರಿಯೊ ಒಮ್ಮೆ ಕೆಮ್ಮಿದ.
ಯಾರೂ ಕಿಟಕಿ ತೆರೆಯಲಿಲ್ಲ.

ಪೂಜೆ ಮುಗಿದ ಮೇಲೆ ಡೊಮಿತಿಲಾ ನಾಗೆಲ್ಕಿನ್
ಬಾಗಿಲಲ್ಲೇ ನನ್ನ ತೋಳು ಹಿಡಿದಳು.
"ಬನ್ನಿ ಫಾದರ್" ಎಂದಳು, ಅಷ್ಟೇ.
ಗದ್ದೆಯಲ್ಲಿ ಸಲಿಕೆ ಇಳಿಸಿ ಒಂದು ಬುಡ ಎತ್ತಿದಳು:
ಕಪ್ಪು ಮಣ್ಣಿನಲ್ಲಿ ಏಳು ನೇರಳೆ ಗಡ್ಡೆಗಳು,
ನಡುವೆ, ವಸಂತದಲ್ಲಿ ಬಿತ್ತಿದ ತಾಯಿಗಡ್ಡೆ.
ಅದನ್ನು ನನ್ನ ಅಂಗೈಯಲ್ಲಿಟ್ಟಳು.
ಬರೀ ಸಿಪ್ಪೆ. ಒಳಗೇನೂ ಇರಲಿಲ್ಲ,
ಮಡಿಚಿಟ್ಟು ಹೋದ ಬಟ್ಟೆಯ ಹಾಗೆ.
ನಾನು ಏನೋ ಹೇಳಲು ಬಾಯಿ ತೆರೆದೆ.
"ಬಕೆಟ್ ಹಿಡ್ಕೊಳ್ಳಿ" ಎಂದಳು.

ಇಲ್ಲಿ ಎಲ್ಲವೂ ತಲೆಕೆಳಗು.
ಬೂದಿ ಬುಧವಾರ ಬರುವುದು ಬೇಸಿಗೆಯ ಕೊನೆಗೆ,
ಬಿಸಿಲಿಗೆ ಕಪ್ಪಾದ ಹಣೆಗಳ ಮೇಲೆ
ಬೂದಿ ಎಲ್ಲಿದೆ ಎಂದು ಹುಡುಕಬೇಕು.
ಸತ್ತವರ ಹಬ್ಬಕ್ಕೆ ಗೋರಿಗಳ ಸುತ್ತ
ಹಳದಿ ಹೂ ಎಷ್ಟು ದಟ್ಟವೆಂದರೆ
ಹೆಸರು ಓದಲು ಕೈಯಿಂದ ಸರಿಸಬೇಕು.
ಕ್ರಿಸ್ಮಸ್ಸಿಗೆ ರಾತ್ರಿ ಹತ್ತಾದರೂ ಕತ್ತಲಾಗದು;
ಮೇಣದಬತ್ತಿಗಳಿಗೆ ಮರ್ಯಾದೆಯಿಲ್ಲ.
ಹೋದ ಸಲ ಪುಟ್ಟ ಅನ್ಸೆಲ್ಮೊ
ಗೋದಲಿಯ ಕೂಸಿನ ಹೊದಿಕೆ ಕಿತ್ತು ಎಸೆದ:
"ಸೆಕೆಯಾಗುತ್ತೆ ಇವನಿಗೆ."

ಇನ್ನು ಆ ಜೂನ್, ಜುಲೈ.
ಪಂಚಾಂಗದಲ್ಲಿ ಅದಕ್ಕೆ ಸಾಧಾರಣ ಕಾಲವೆಂದು ಹೆಸರು,
ನನ್ನ ಮೇಲುಡುಪು ಹಸಿರು,
ಉಳಿದದ್ದೆಲ್ಲ ಬೂದುಬಣ್ಣ, ನೀರು ಕೂಡ.
ಒಂದು ವರ್ಷ ನ್ಯುಮೋನಿಯ ಹಿಡಿದು
ಕಾಸ್ತ್ರೊ ಪಟ್ಟಣದ ಆಸ್ಪತ್ರೆಯಲ್ಲಿ ಮಲಗಿದ್ದೆ.
ಹನ್ನೊಂದು ವಾರ ನನ್ನ ದೋಣಿ ಹೊರಡಲಿಲ್ಲ.
ಅಯ್ಯೋ ನನ್ನ ಜನ, ಎಂದು ಮರುಗಿದೆ,
ವಿಶ್ವಾಸವೂ ಡೀಸೆಲ್ಲಿನ ಹಾಗೆ
ನಾನೇ ಡಬ್ಬದಲ್ಲಿ ತುಂಬಿ ಒಯ್ಯುವ ಸಾಮಾನು ಎಂಬಂತೆ.

ಆಗಸ್ಟಿನಲ್ಲಿ ಮರಳಿದಾಗ ಎಲೆಉತೇರಿಯೊ
ಒಂದು ನೋಟ್‌ಬುಕ್ ಮುಂದಿಟ್ಟ.
ಪೂಜೆಯಿಲ್ಲ, ಪರಮಪ್ರಸಾದವಿಲ್ಲ,
ಆದರೂ ಭಾನುವಾರ ತಪ್ಪದೆ ಗುಡಿ ತೆರೆದಿದ್ದ,
ಶುಭಸಂದೇಶ ಓದಿದ್ದ, ಜಪಸರ ಹೇಳಿಸಿದ್ದ.
ಪೆನ್ಸಿಲ್ಲಿನಲ್ಲಿ ಲೆಕ್ಕ:
ಜನ ಹದಿನಾಲ್ಕು. ಗಾಳಿ.
ಜನ ಒಂಬತ್ತು. ಮಂಜು.
ಜನ ಹನ್ನೊಂದು, ಒಂದು ನಾಯಿ. ಗಾಳಿ.
ಜನ ಒಬ್ಬ. ಬಿರುಗಾಳಿ.
ಅದಾರು ಬಂದದ್ದು, ಕೇಳಿದೆ.
"ನಾನೇ."
ಆವತ್ತೂ ಗಂಟೆ ಹೊಡೆದೆಯಾ?
"ಹೊಡೆದೆ.
ನನಗೂ ಕೇಳಿಸಬೇಕಲ್ಲ."

ಆ ರಾತ್ರಿ ನಾನು ಪಾಪನಿವೇದನೆಗೆ ಕೂತರೆ
ಕೇಳಲು ಇನ್ನೊಬ್ಬ ಗುರು ನಲವತ್ತು ಮೈಲಿ ಆಚೆ.
ಅಲೆಗೆ ಹೇಳಿದೆ. ಅಲೆ ಏನೂ ಅನ್ನಲಿಲ್ಲ,
ದಂಡೆಯ ಕಲ್ಲುಗಳನ್ನು ತಿರುವಿಹಾಕುತ್ತಲೇ ಇತ್ತು.

ಈ ಮೇ ತಿಂಗಳಿಗೆ ಡೊಮಿತಿಲಾ ಹೋಗಿ ಎರಡು ವರ್ಷ.
ಹೂಳಿದ್ದು ಸೇಬಿನ ಸಾಲಿನ ಕೆಳಗೆ;
ಗುಂಡಿ ತೋಡಿದ್ದು ಅವಳದೇ ಸಲಿಕೆ,
ಅವಳ ಮಗ ಬೇರೆ ತರಲಿಲ್ಲ.
ಪುಸ್ತಕದ ಆ ಪುಟ ಇನ್ನೂ ಓದುತ್ತೇನೆ.
ಅಂಚಿನಲ್ಲಿ ಮಣ್ಣಿನ ಹೆಬ್ಬೆಟ್ಟು ಒಣಗಿದೆ,
ವಸಂತ ಎಂಬ ಪದವನ್ನು ಅರ್ಧ ಮುಚ್ಚಿಕೊಂಡು.
ಅಲ್ಲಿಗೆ ಬಂದಾಗ ಸುಮ್ಮನಾಗುತ್ತೇನೆ.
ಎಲೆಉತೇರಿಯೊ ಕೆಮ್ಮುತ್ತಾನೆ,
ಈಗೀಗ ಅದು ನಿಜವಾದ ಕೆಮ್ಮು.

ಈ ಪಾಸ್ಕದಂದು, ಸಮಾಧಾನದಿಂದ ಹೋಗಿ ಬನ್ನಿ ಎಂದೆ.
ಯಾರೂ ಏಳಲಿಲ್ಲ.
ಚಾವಣಿಯ ಮರದ ಹಲಗೆಗಳ ಮೇಲೆ ಆಲಿಕಲ್ಲು.
ಕೂತೇ ಇದ್ದೆವು, ಒದ್ದೆ ಉಣ್ಣೆಯ ವಾಸನೆಯಲ್ಲಿ,
ಒಬ್ಬರ ಉಸಿರು ಒಬ್ಬರಿಗೆ ಕಾಣುವಷ್ಟು ಚಳಿ.
ಅವನು ಪೆನ್ಸಿಲ್ ನಾಲಿಗೆಗೆ ತಾಗಿಸಿ ಬರೆದ:
ಜನ ಇಪ್ಪತ್ತನಾಲ್ಕು. ಆಲಿಕಲ್ಲು.

ಬೆಂಚುಗಳತ್ತ ನೋಡಿ ನಾನೂ ಎಣಿಸಿದೆ. ಇಪ್ಪತ್ತಮೂರು.
ಹೆಚ್ಚಿಗೆ ಬಂದ ಆ ಒಂದು
ಡೊಮಿತಿಲಾಳೋ, ನಾನೋ,
ಕೇಳಲಿಲ್ಲ.