ಕಾಲು ಭಾಗ

ಘಾಟ್ಕೋಪರಿನ ಆ ಸಲೂನು ಒಡೆಯುವ ಮುಂಚಿನ ವಾರ
ಎರಡು ಕುರ್ಚಿ, ಮೂರು ಕನ್ನಡಿ, ಒಂದು ಗಾಜಿನ ತೊಟ್ಟಿ
ಮಾರಾಟಕ್ಕಿದ್ದವು. ಕುರ್ಚಿ ಕೇಳುವವರಿದ್ದರು.
ನಾಲ್ಕಡಿ ತೊಟ್ಟಿಗೆ ನಾನೊಬ್ಬಳೇ.

"ಮೂರು ಸಾವಿರ," ಅಂದರು ಅನ್ವರ್ ಸಲ್ಮಾನಿ,
ಯಾರದೋ ಕಿವಿಯ ಸುತ್ತ ಕತ್ತರಿ ನಡೆಸುತ್ತಲೇ.
"ಎಡಕ್ಕೊಂದು ಗೀರಿದೆ. ಸೋರುವುದಿಲ್ಲ.
ನವಾಬನನ್ನೂ ಒಯ್ಯಬೇಕು. ಅವನಿಗೆ ಬೆಲೆಯಿಲ್ಲ."

ನವಾಬನೆಂದರೆ ಅಂಗೈ ಮೀರಿದ ಆಸ್ಕರ್ ಮೀನು,
ಆರಿದ ಕೆಂಡದ ಮೈ.
ಒಂಬತ್ತು ವರ್ಷ ಎದುರಿನ ಕನ್ನಡಿಯಲ್ಲಿ
ಸೋಪುನೊರೆಯ ಮೋರೆಗಳನ್ನೂ
ನಡುವೆ ತನ್ನನ್ನೂ ನೋಡಿ ನೋಡಿ
ಯಾರನ್ನೂ ನಂಬದ ಕಣ್ಣು.

ಟೆಂಪೊ ಭಾಂಡೂಪ್ ಮುಟ್ಟುವಾಗ ಕತ್ತಲಾಗಿತ್ತು.
ನನ್ನ ಹಳೆಯ ಇಳಕಲ್ ಸೀರೆ ಸುತ್ತಿ
ನಾಲ್ವರು ಹಮಾಲರು ಹೆಣ ಎತ್ತಿದಂತೆ ಎತ್ತಿದರು.
ಮೆಟ್ಟಿಲ ತಿರುವಿನಲ್ಲಿ ಸೊಸೈಟಿಯ ದಳವಿಯವರು:
"ಇನ್ನೂರನಲವತ್ತು ಲೀಟರ್ ಅಂದರೆ
ಇನ್ನೂರನಲವತ್ತು ಕಿಲೋ, ಗಾಜು ಬೇರೆ.
ಕೆಳಗೆ ನಮ್ಮ ದೇವರಮನೆ, ಗೊತ್ತಲ್ಲ?"
"ಇಬ್ಬರು ಬೀಗರು ಬಂದ್ರ ಕೂಡಾಕ ಜಾಗಾ ಇಲ್ಲ,"
ಅಂದ ಗುರುಪಾದ. ಅಂದು, ತಾನೇ ಬೀರು ಸರಿಸಿದ.
ಅಡಿಯಲ್ಲಿ ತೊಲೆ ಹಾಯುವ ಗೋಡೆಗೆ ಒರಗಿಸಿದೆವು.

ನಾನು ಪೆಥಾಲಜಿ ಲ್ಯಾಬಿನವಳು.
ಸ್ವಚ್ಛ ಅಂದರೇನು ಅಂತ ನನಗೆ ಯಾರೂ ಕಲಿಸಬೇಕಿಲ್ಲ.
ಗಾಜಿನ ಸುಣ್ಣದ ಗೆರೆಯನ್ನು ವಿನೆಗರಿನಲ್ಲಿ ಉಜ್ಜಿದೆ,
ಬೆಣಚುಕಲ್ಲು ಕುದಿಸಿದೆ,
ಹಳೆಯ ನೀರೆಂದು ಅವರು ಕಳಿಸಿದ್ದ ಎರಡು ಕ್ಯಾನುಗಳಲ್ಲಿ
ಒಂದನ್ನು ಬಚ್ಚಲಿಗೆ ಸುರಿದೆ.
ಇನ್ನೊಂದರಲ್ಲಿ ಕರ್ರಗೆ ನೆನೆಯುತ್ತಿತ್ತು ಫಿಲ್ಟರಿನ ಸ್ಪಂಜು.
ಥೂ, ಎಂದು ಬಾಲ್ಕನಿಗೆ ತಳ್ಳಿದೆ.
ಹೊಸ ಸ್ಪಂಜು, ಹೊಸ ನೀರು, ನೀಲಿ ದೀಪ.

ಮೂರನೆಯ ರಾತ್ರಿ ನವಾಬ ಒಂದು ಮಗ್ಗುಲಿಗೆ ವಾಲಿ
ನೀರಿನ ಮೇಲೆ ಬಾಯಿ ತೆರೆಯುತ್ತಿದ್ದ.
ಹಳದಿ ಇರಬೇಕಾದ ಅಮೋನಿಯಾ ನಳಿಕೆ ಹಸಿರಾಯಿತು.
ಇಂಥ ರಿಪೋರ್ಟು ದಿನಾ ಬರೆಯುತ್ತೇನೆ,
ಬೇರೆಯವರ ಹೆಸರಿಗೆ.

"ತೊಳೆದಿರಾ?" "ತೊಳೆದೆ."
"ಪೂರಾ?" "ಪೂರಾ."
ಫೋನಿನಾಚೆ ಯಾರದೋ ಅಂಗಡಿಯಲ್ಲಿ
ಅವರ ಕತ್ತರಿ ನಿಂತಿತು.
"ಅವನ ಮನೆ ಗಾಜಲ್ಲ, ಮೇಡಂ. ಆ ಕೊಳೆ."

ಹನ್ನೊಂದು ಗಂಟೆಗೆ ಗುರುಪಾದ ಟಾರ್ಚು ಹಿಡಿದ.
ಮೊಣಕೈವರೆಗೆ ಇಳಿದು ಕರೀ ಸ್ಪಂಜನ್ನು ಮರಳಿ ಸಿಕ್ಕಿಸಿದೆ.
ಕ್ಯಾನಿನ ನೀರನ್ನೂ ಸುರಿದೆ, ಕೊನೆಯ ಗಸಿಯವರೆಗೆ.
ಐದು ದಿನ ಏನೂ ತಿನ್ನಲಿಲ್ಲ ಅವನು.
ನಾನೂ ಸರಿಯಾಗಿ ಉಂಡ ನೆನಪಿಲ್ಲ.

ಈಗ ನೇಮ ಹೀಗೆ: ಮುಂಜಾನೆ ಪಾವಣೇ ಐದಕ್ಕೆ ನಳ ಕೆಮ್ಮುತ್ತದೆ.
ಶನಿವಾರ ಡ್ರಮ್ಮು ತುಂಬಿ ಕ್ಲೋರಿನ್ ಹಾರಲು ಬಿಡಬೇಕು.
ಭಾನುವಾರ ನಾಲ್ಕು ಬಕೆಟ್ ಹೊರಗೆ, ನಾಲ್ಕು ಒಳಗೆ.
ಕಾಲು ಭಾಗ. ಹೆಚ್ಚಿಲ್ಲ.
ತೆಗೆದ ನೀರನ್ನು ದಳವಿಯವರು ಕೆಳಗೊಯ್ಯುತ್ತಾರೆ,
ಅವರ ಮಲ್ಲಿಗೆ ಬಳ್ಳಿಗೆ. ಸ್ಲ್ಯಾಬಿನ ಮಾತು ಎತ್ತುವುದಿಲ್ಲ.

ಮೇ ತಿಂಗಳಲ್ಲಿ ಕಾರ್ಪೊರೇಷನ್ನಿನವರು
ಶೇಕಡಾ ಹತ್ತು ಕಡಿತ ಸಾರಿದಾಗ
ನಾವು ಮೂವರು ಎರಡು ಬಕೆಟ್ಟಿನಲ್ಲಿ ಮಿಂದೆವು.
ಆ ನಾಲ್ಕರ ಲೆಕ್ಕವನ್ನು ಯಾರೂ ಜೋರಾಗಿ ಹೇಳಲಿಲ್ಲ.

ಮಗಳು ಸ್ವರಾಲಿ ವಹಿಯಲ್ಲಿ ಭಾಗಾಕಾರ ಹಾಕಿದಳು:
"ಅವ್ವಾ, ವಾರಾ ವಾರಾ ಮುಕ್ಕಾಲು ಉಳೀತದ.
ಹಂಗಾದ್ರ ಸಲ್ಮಾನಿ ಅಂಕಲ್ ನೀರು
ಎಂದೂ ಪೂರಾ ಹೋಗೂದೇ ಇಲ್ಲ."
"ಹನಿಗಿಂತ ಕಡಿಮಿ ಆಗ್ತದವ್ವಾ."
"ಆದ್ರೂ."

ಒಂದು ಮಂಗಳವಾರ, ರಜೆಯ ದಿನ, ಅವರು ಬಂದರು.
ಚಹಾ ಬೇಡವೆಂದು, ಚೀಲದಿಂದ
ಗಿರಾಕಿಗೆ ಹಿಂದಲೆ ತೋರಿಸುವ ದುಂಡುಗನ್ನಡಿ ತೆಗೆದು
ಗಾಜಿಗೆ ಹಿಡಿದರು.
ಮೂಲೆಯಿಂದ ನವಾಬ ಎದ್ದು ಬಂದ,
ಕಿವಿರು ಅರಳಿಸಿ, ಅಡ್ಡ ತಿರುಗಿ, ಮತ್ತೆ ತಿರುಗಿ.

"ಹಿಂದುಗಡೆ ಸರಿ ಇದೆಯೇ, ಸಾಹೇಬ್?"
ಅಂತ ಕೇಳಿದರು ಸಲ್ಮಾನಿ,
ಉತ್ತರಕ್ಕೆ ಕಾಯುತ್ತ ನಿಂತೇ ಇದ್ದರು.