ಐದನೇ ಜೇಬು

ಕೌಲ್ ಬಜಾರಿನ ತಿರುವಿನಲ್ಲಿ ನನ್ನದು ಆರಡಿ ಅಗಲದ ಅಂಗಡಿ.
ರೀಚಾರ್ಜು, ಝೆರಾಕ್ಸು, ಅರ್ಜಿಗೆ ಅಂಟಿಸುವ ಫೋಟೋ.
ಗಾಜಿನ ಕೆಳಗೆ ಬೆಳ್ಳಿ ಬಳಿದ ಕಾರ್ಡುಗಳು,
ಇನ್ನೂರರದ್ದು, ಐನೂರರದ್ದು,
ಆಟಕ್ಕೆ ಅಂತಲೇ ತರಿಸಿದ್ದು.
ಗೀರಿದರೆ ಹದಿನಾರು ಅಕ್ಷರ.
ನೀನು ಯಾರು ಅಂತ ಅವು ಕೇಳುವುದಿಲ್ಲ.

ಬರುವವರು ಹುಡುಗರೇ.
ಬಂದೂಕಿಗೆ ಬಣ್ಣ ಕೊಳ್ಳುವವರು,
ಹತ್ತರ ನೋಟನ್ನು ಬೆವರಲ್ಲಿ ಮಡಚಿ ತರುವವರು,
"ಅಣ್ಣಾ, ನಮ್ಮಪ್ಪಗೆ ಹೇಳಬ್ಯಾಡ" ಅನ್ನುವವರು.
ಕೆಲವರದನ್ನು ಹೇಳಿದ್ದೇನೆ.

ಗಾದಿಲಿಂಗಮ್ಮ ಬಂದದ್ದು ಒಂದು ಶನಿವಾರ,
ಬಟವಾಡೆಯ ಸಂಜೆ.
ಬೆರಳ ತುದಿಯೆಲ್ಲ ನೀಲಿ, ಸೋಪಿಗೆ ಬಗ್ಗದ ಜೀನ್ಸಿನ ನೀಲಿ.
"ಮಗಂಗೆ," ಅಂದಳು.
"ಲಾರಿ ಓಡಿಸೋ ಆಟ ಐತಲ್ಲ, ಅದರಾಗೆ
ಹಿಮ ಬೀಳೋ ರೋಡು ಬೇಕಂತೆ. ಕಾರ್ಡು ಕೇಳ್ತೈತೆ."
ಯಾವ ಕಾರ್ಡು ಇದೆ ನಿನ್ನ ಹತ್ತಿರ?
"ರೇಷನ್ ಕಾರ್ಡು."
ನಗಲಿಲ್ಲ ಅವಳು. ನಾನೂ ತಡೆದುಕೊಂಡೆ.

ಬ್ಯಾಂಕಿನ ಯಂತ್ರಕ್ಕೆ ಅವಳ ಹೆಬ್ಬೆಟ್ಟು ಹಿಡಿಸುವುದಿಲ್ಲವಂತೆ.
ಹನ್ನೊಂದು ವರ್ಷ ದಪ್ಪ ಬಟ್ಟೆ ತಳ್ಳಿ ತಳ್ಳಿ
ಗೆರೆಯೆಲ್ಲ ಸವೆದಿದೆ.
"ಒರೆಸಿ ಇಡು ಅಂತಾರೆ, ಒರೆಸಿ ಇಡ್ತೀನಿ.
ನೀನು ನೀನಲ್ಲ ಅಂತೈತೆ ಅದು."

ಅವಳು ಹೊಲಿಯುವುದು ಜೇಬಿನೊಳಗಿನ ಜೇಬು.
ಪ್ಯಾಂಟಿನ ಬಲಕ್ಕೆ, ಎರಡು ಬೆರಳೂ ನೆಟ್ಟಗೆ ಇಳಿಯದ್ದು.
ಒಂದಕ್ಕೆ ಅರವತ್ತು ಪೈಸೆ.
ಇನ್ನೂರಕ್ಕೆ ಎಷ್ಟಾಯಿತು ಅಂತ ನಾನು ಕ್ಯಾಲ್ಕುಲೇಟರು ಹುಡುಕುವಾಗಲೇ
"ಮುನ್ನೂರ ಮೂವತ್ನಾಕು," ಅಂದಳು,
"ಕಡೇದ್ರಾಗೆ ನಲವತ್ತು ಪೈಸೆ ನಂದೇ ಉಳಿತೈತೆ."

ರಿವೆಟ್ಟಿನ ತುದಿಯಿಂದ ಗೀರಿದಳು.
ಬೆಳ್ಳಿಪುಡಿ ನನ್ನ ಗಾಜಿನ ಮೇಲೆ.
ನಾನು ಓದಿದೆ, ಅವಳು ಒತ್ತಿದಳು. ತಪ್ಪು ಅಂತು.
ಮತ್ತೆ ಓದಿದೆ. ತಪ್ಪು.
ಇನ್ನೊಮ್ಮೆ ತಪ್ಪಿದರೆ ನಾಳೆಯವರೆಗೆ ಬಾಗಿಲು ಮುಚ್ಚುತ್ತದೆ.
ಕಾರ್ಡನ್ನು ಟ್ಯೂಬ್‌ಲೈಟಿಗೆ ಹಿಡಿದು
ವಂಕು ಹೊಲಿಗೆ ಹುಡುಕುವ ಕಣ್ಣಲ್ಲಿ ನೋಡಿದಳು:
"ಇದು ದುಂಡಗೈತೆ. ಇದು ಸಣಕಲು.
ನೀನು ಓ ಅಂದಿದ್ದು ಸೊನ್ನೆ, ಅಣ್ಣಾ."
ರೋಡು ತೆರೆಯಿತು.

ಆಮೇಲೆ ತಿಂಗಳಿಗೊಂದು.
ಒಮ್ಮೆ ಹೊಸ ಹಾರನ್ನು, ಒಮ್ಮೆ ಇಪ್ಪತ್ತೆರಡು ಗಾಲಿಯ ಟ್ರೇಲರು.
ಮಗ ಯಾವ ಕ್ಲಾಸು, ಕೇಳಿದೆ ಒಂದು ದಿನ.
ಹಿಂದಿನ ಸಲ ಹೇಳಿದ್ದನ್ನು ನೆನಪು ಮಾಡಿಕೊಳ್ಳುವಂತೆ
ಫ್ಯಾನು ನೋಡಿದಳು.
"ಏಳು," ಅಂದಳು.
ಹಿಂದಿನ ಸಲ ನಾನು ಕೇಳಿರಲೇ ಇಲ್ಲ.

ಏಪ್ರಿಲಿನಲ್ಲಿ, ಯಾರದೋ ಪಹಣಿ ಝೆರಾಕ್ಸು ಮಾಡುತ್ತಿದ್ದೆ,
ಮೂಲೆಯ ಸ್ಟೂಲಿನಲ್ಲಿ ಕೂತು ಫೋನು ಅಡ್ಡ ಹಿಡಿದಿದ್ದಳು.
ಹೊರಗೆ ನಲವತ್ತೆರಡು ಡಿಗ್ರಿ.
ಅವಳ ಗಾಜಿನ ಮೇಲೆ ಹಿಮ; ವೈಪರು ಹಾಕಿದಳು.
ಯಾವುದೋ ಬಂದರು, ರಾತ್ರಿ, ಇಕ್ಕಟ್ಟು ಗೋದಾಮು.
ಅಷ್ಟುದ್ದದ ಗಾಡಿಯನ್ನು ರಿವರ್ಸಿನಲ್ಲಿ
ಸೂಜಿಗೆ ದಾರ ಇಟ್ಟಂತೆ ಒಳಗಿಟ್ಟಳು.
ಯಂತ್ರ ಒಪ್ಪದ ಆ ಹೆಬ್ಬೆಟ್ಟುಗಳಲ್ಲೇ.

ಚಳಿ ಆಗಲ್ಲೇನು? ಬಾಯಿಂದ ಜಾರಿತು.
"ಹೀಟರ್ ಐತೆ," ಅಂದಳು, ತಲೆ ಎತ್ತದೆ.
ಆಮೇಲೆ ಎತ್ತಿದಳು.
ಝೆರಾಕ್ಸು ಮಿಶಿನ್ನಿನ ಬೆಳಕು ಒಮ್ಮೆ ಅತ್ತ ಹೋಗಿ ಇತ್ತ ಬಂತು.

ಅಂದಿನಿಂದ ನಾನೇ ಮೊದಲು ಅನ್ನುತ್ತೇನೆ:
ತಗೋ, ಮಗನಿಗೆ ಇನ್ನೂರರದ್ದು.
"ಹ್ಞೂಂ, ಮಗಂಗೆ," ಅನ್ನುತ್ತಾಳೆ.
ಕೈಚೀಲದೊಳಗೆ ತಾನೇ ಹೊಲಿದುಕೊಂಡ
ಜೀನ್ಸಿನ ಪುಟ್ಟ ಜೇಬಿನಿಂದ ದುಡ್ಡು ಬರುತ್ತದೆ,
ಚಿಲ್ಲರೆ ಬೇರೆ, ನೋಟು ಬೇರೆ.

ಈ ತಿಂಗಳು ಬಂದಿಲ್ಲ.
ಯೂನಿಟ್ಟಿಗೆ ಆರ್ಡರಿಲ್ಲ, ಮಿಶಿನ್ನಿಗೆಲ್ಲ ಮುಸುಕು ಹಾಕಿದ್ದಾರೆ ಅಂತ
ಬಟನ್ ಹಾಕುವ ಶೇಕ್ಷಾವಲಿ ಹೇಳಿದ.
ಐನೂರರ ಕಾರ್ಡು ಮುಗಿದಿವೆ. ಇನ್ನೂರರದ್ದು ಒಂದೇ ಉಳಿದಿದೆ,
ಹುಡುಗರು ಕೇಳಿದರೆ ಖಾಲಿ ಅನ್ನುತ್ತಿದ್ದೇನೆ.

ನಿನ್ನೆ ಅದನ್ನು ನನ್ನ ಪ್ಯಾಂಟಿನ ಐದನೇ ಜೇಬಿಗೆ ಇಟ್ಟು ನೋಡಿದೆ.
ಅವಳ ಹೊಲಿಗೆಯೋ, ಬೇರೆ ಯಾರದೋ.
ಹಿಡಿಸಲಿಲ್ಲ.
ಒಂದು ಮೂಲೆ ಹೊರಗೇ ಉಳಿಯಿತು.