ಬಂದಾಗ ಸರಿಯಿತ್ತು

ಪೂರಾ ಕೆಟ್ಟ ಲಿಫ್ಟು ಸುಲಭ.
ಸುಟ್ಟ ವಾಸನೆ ಹಿಡಿದು ಹೋದರೆ ಸಿಕ್ಕಿಬೀಳುತ್ತದೆ.
ಕಷ್ಟ, ಆಗಾಗ ಕೆಡುವುದು.
ಹಲ್ಲುನೋವಿನ ಜಾತಿ ಅದು,
ಡಾಕ್ಟರ ಬಾಗಿಲು ಕಂಡರೆ ಮಾಯ.

ಮಂಡ್ಯದ ವಿದ್ಯಾನಗರದಲ್ಲಿ ಮೂರಂತಸ್ತಿನ ಹೆರಿಗೆ ಆಸ್ಪತ್ರೆ,
ಎಣ್ಣೆಯ ಒತ್ತಡಕ್ಕೆ ಏರುವ ಹಳೆಯ ಲಿಫ್ಟು.
ಮೇಲೆ ಹೋಗಲು ಮೋಟಾರು ಬೇಕು, ಪಂಪು ಬೇಕು, ಕರೆಂಟು ಬೇಕು.
ಇಳಿಯಲು ಒಂದು ವಾಲ್ವು ತುಸು ಬಾಯಿಬಿಟ್ಟರೆ ಸಾಕು,
ತನ್ನ ಭಾರಕ್ಕೆ ತಾನೇ ಬರುತ್ತದೆ.

ಮೈಸೂರಿನಿಂದ ಪ್ಯಾಸೆಂಜರು ಹತ್ತಿದೆ.
ಪಾಂಡವಪುರ, ಯಲಿಯೂರು, ತೊಡೆಯ ಮೇಲೆ ಸ್ಪ್ಯಾನರ್ ಚೀಲ.
ಹತ್ತು ಗಂಟೆಗೆ ಹೋಗಿ ನೋಡಿದರೆ
ಇನ್ಸ್‌ಪೆಕ್ಟರು ಬಂದ ದಿನದ ಶಾಲೆ!
ಇಪ್ಪತ್ತು ಸಲ ಏರಿಸಿದೆ, ಇಪ್ಪತ್ತು ಸಲ ಇಳಿಸಿದೆ.
ಪುಸ್ತಕದಲ್ಲಿ ಬರೆದೆ: ಬಂದಾಗ ಸರಿಯಿತ್ತು.

ಎರಡನೆಯ ಸಲ ಎಣ್ಣೆಯ ಮೇಲೆ ಅನುಮಾನ.
ಕಾದರೆ ತೆಳುವಾಗುತ್ತದೆ, ಸಂದಿಯಲ್ಲಿ ಜಾರುತ್ತದೆ.
ಬೆರಳದ್ದಿ ಮೂಸಿದೆ, ಬೆಳಕಿಗೆ ಹಿಡಿದೆ,
ಫಿಲ್ಟರು ತೊಳೆದೆ, ವಾಲ್ವಿನ ಕಾಯಿಲು ಬದಲಿಸಿದೆ.
ಡಾಕ್ಟರ್ ಸುಗುಣಾ ಅರಸ್ ಬಿಲ್ಲನ್ನು
ಎಕ್ಸ್‌ರೇ ಹಾಗೆ ಕಿಟಕಿಗೆ ಎತ್ತಿ ನೋಡಿ ಸಹಿ ಹಾಕಿದರು.
ಎರಡರ ರೈಲಿಗೆ ಓಡಿದೆ.

ಮೂರೂಕಾಲಿಗೆ ಫೋನು.
ಮತ್ತೆ ನಿಂತಿದೆ, ನಡುವೆ, ಒಳಗೆ ಬಾಣಂತಿ, ಕೂಸು.
ನಾನು ಮೈಸೂರು ಸ್ಟೇಷನ್ನಿನ ಮೆಟ್ಟಿಲ ಮೇಲೆ.
'ಬೋರಲಿಂಗಯ್ಯ, ಪಂಪಿನ ರೂಮಿಗೆ ಹೋಗು.
ಕೆಂಪು ಗುಂಡಿ. ಒತ್ತಿ ಹಿಡಿ. ಮೆಲ್ಲಗೆ. ಬಿಡಬೇಡ.'
ಅಲ್ಲಿ ಅವನು ಒತ್ತಿದ,
ಇಲ್ಲಿ ನನ್ನ ಹೆಬ್ಬೆರಳು ಬೆಳ್ಳಗಾಯಿತು.

ಮೂರನೆಯ ಸಲ ಚೀಲ ಬಿಚ್ಚಲಿಲ್ಲ, ಕೇಳುತ್ತ ಕೂತೆ.
ನರ್ಸು ಅಮಾವಾಸ್ಯೆ ಅಂದಳು.
ಬೋರಲಿಂಗಯ್ಯ ಸಕ್ಕರೆ ಫ್ಯಾಕ್ಟರಿ ಅಂದ,
ಅದು ಅರೆಯಲು ಶುರುಮಾಡಿದರೆ ಊರ ಕರೆಂಟೆಲ್ಲ ಮಂಕಂತೆ.
ಡಾಕ್ಟರು ನನ್ನ ಕಂಪನಿಯ ಹೆಸರು ಹೇಳಿದರು.
ಯಾರೂ ಕೇಳದಿದ್ದರೂ ನಿಂಗಾಜಮ್ಮ ಅಂದಳು:
'ನಂಗೇನ್ ಗೊತ್ತಾದದು ಕಣಪ್ಪ,
ಮೇಲ್ಗಡೆ ವರೆಸಿ ಬಕೀಟು ಇಳಿಸಾನ ಅಂದ್ರೆ
ಆಗ್ಲೇ ನಿಂತಿರ್ತದೆ ಮುಂಡೇದು.
ಎಲ್ಡು ದಪ ಹೊತ್ಕಂಡೇ ಇಳ್ದೆ.'

ರೈಲು ಹೋಗಲಿ ಅಂತ ಬಿಟ್ಟೆ.
ಮೂರಕ್ಕೆ ಲಿಫ್ಟಿನ ನೆತ್ತಿಯ ಮೇಲೆ, ಕತ್ತಲಲ್ಲಿ, ಕುಕ್ಕುರುಗಾಲಲ್ಲಿ.
ಇಲ್ಲಿ ಹದಿಮೂರು ಸ್ವಿಚ್ಚುಗಳು ಕೈಕೈ ಹಿಡಿದು ನಿಂತಿರುತ್ತವೆ,
ಒಂದು ಕೈಬಿಟ್ಟರೂ ಲಿಫ್ಟು ಮಿಸುಕುವುದಿಲ್ಲ.
ಎರಡನೆಯ ಮಹಡಿಯ ಹೊಸ್ತಿಲ ಸಂದಿಯಲ್ಲಿ ಕಾಲುಂಗುರ ಕಂಡವು,
ಸವೆದವು, ಹಿಂದೆ ಮುಂದೆ, ಹಿಂದೆ ಮುಂದೆ.
ಫಿನಾಯಿಲ್ ವಾಸನೆ.
ಆಮೇಲೆ ಒಂದು ಹನಿ,
ಅಂಚಿಗೆ ಬಂದು, ಯೋಚಿಸಿ,
ಕೆಳಗಿನ ಬಾಗಿಲ ಲಾಕಿನ ನಡುನೆತ್ತಿಗೆ.
ಪ್ಯಾನೆಲ್ಲಿನಲ್ಲಿ ಟಕ್.
ಇನ್ನರ್ಧ ಗಂಟೆಗೆ ಆರುತ್ತದೆ, ಸಾಕ್ಷಿ ಉಳಿಯುವುದಿಲ್ಲ.

ಖಾಲಿ ಎಣ್ಣೆಡಬ್ಬಿ ಕತ್ತರಿಸಿ
ಆ ಲಾಕಿಗೊಂದು ಅಂಗೈಯಗಲ ಸೂರು ಮಾಡಿದೆ.
'ನೀರು ಎಲ್ಲಿಂದ?' ಡಾಕ್ಟರು ಕೇಳಿದರು.
ಹಿಂದಿನ ಆಯಾಳನ್ನು ಒಂದು ಒಡೆದ ಸಿರಿಂಜ್ ಟ್ರೇಗೆ ಕಳಿಸಿದ್ದರಂತೆ.
'ಗೋಡೆ ಬೆವರುತ್ತದೆ ಮೇಡಂ, ಈ ತಿಂಗಳು' ಅಂದೆ.
ಪುಸ್ತಕದಲ್ಲೂ ಅದನ್ನೇ ಬರೆದೆ.
ಹದಿನೇಳು ವರ್ಷದಲ್ಲಿ ಅಲ್ಲಿ ಬರೆದ ಮೊದಲ ಸುಳ್ಳು,
ಕೈಬರಹ ಎಂದಿಗಿಂತ ದುಂಡಗೆ ಬಂದಿತ್ತು.

ನಿಂಗಾಜಮ್ಮನಿಗೆ ಇಷ್ಟೇ ಹೇಳಿದೆ:
ಹೊಸ್ತಿಲ ಹತ್ರ ಬಟ್ಟೆ ಇನ್ನೊಂದು ಸಲ ಹಿಂಡಕ್ಕ.
ನನ್ನ ನೋಡಿದಳು. ಬಟ್ಟೆ ನೋಡಿದಳು.
ಕೋಳಿಯ ಕತ್ತು ಮುರಿಯುವಂತೆ ಹಿಂಡಿದಳು.

ನಾಲ್ಕು ತಿಂಗಳಾಯಿತು.
ಆಗಾಗ ಕೆಡುವುದನ್ನು ರಿಪೇರಿ ಮಾಡಿದವನಿಗೆ
ಇಂಥ ದಿನ ಸರಿಯಾಯಿತು ಅಂತ ಹೇಳಲು ಬರುವುದಿಲ್ಲ.
ಫೋನು ಬರಲಿಲ್ಲ, ಅಷ್ಟೆ, ಇವತ್ತೂ.
ಎಲ್ಲಿದ್ದರೂ ಮೂರೂಕಾಲಾದರೆ
ಹೆಬ್ಬೆರಳು ತಾನಾಗಿ
ಏನನ್ನೋ ಒತ್ತಿ ಹಿಡಿಯುತ್ತದೆ.